ಹತ್ತು ಮೆಟ್ಟಿಲ ಗಾಜು

ಮೊದಲೇ ಎಲ್ಲ ನೋಡಿಕೊಳ್ಳಬೇಕು:
ಬಂಡೆ ಎಲ್ಲಿ, ದಿಗಂತ ಓರೆಯೋ ನೇರವೋ,
ಫೋಕಸ್ ಎಲ್ಲಿ ನಿಂತಿತು. ಆಮೇಲೆ ಮುಟ್ಟಬಾರದು.
ಗಾಜು ಕೂರಿಸಿದ ಮೇಲೆ ಕುರುಡು.

ಅಂಗೈಯಗಲದ ಗಾಜು, ಕಾವಲಿಯ ತಳದಷ್ಟು ಕಪ್ಪು.
ಒಂದೊಂದು ಮೆಟ್ಟಿಲಿಗೂ ಬೆಳಕು ಅರ್ಧವಾಗುತ್ತ
ಹತ್ತು ಇಳಿಯುವಷ್ಟರಲ್ಲಿ
ಸಾವಿರಕ್ಕೊಂದು ಪಾಲು:
ಸಂತೆಯಿಂದ ಮನೆ ಸೇರುವ ಹೊತ್ತಿಗೆ
ತೂತುಜೇಬಿನಲ್ಲಿ ಉಳಿದ ಚಿಲ್ಲರೆ.

ಗಲೀಸಿಯಾದ ಈ ದಡಕ್ಕೆ ಸಾವಿನ ತೀರ ಎಂದೇ ಹೆಸರು.
ನಾನು ಬಂದದ್ದು ಒಳನಾಡಿನ ಔರೆನ್ಸೆಯಿಂದ
ಸಮುದ್ರವನ್ನು ಹಾಲು ಮಾಡಲು.
ಕಾಲು ಸೆಕೆಂಡಿನದು ಈಗ
ನಾಲ್ಕು ನಿಮಿಷ, ಮೇಲೆ ಹದಿನಾರು ಸೆಕೆಂಡು.
ಹಿಂಗಿಂಡಿಗೆ ಕರಿ ಟೇಪು, ಟ್ರೈಪಾಡಿಗೆ ಕಲ್ಲಿನ ಚೀಲ.
ಗುಂಡಿ ಒತ್ತಿ ಉಸಿರು ಬಿಗಿಹಿಡಿದೆ.
ಹಿಡಿಯಬೇಕಿಲ್ಲ, ನಿಜ. ಆದರೂ.

ಕೆಳಗೆ ಇಳಿತದ ಹೊತ್ತು. ಬಂಡೆಯ ಬುಡದಲ್ಲಿ ಐವರು
ಪೆರ್ಸೆಬೆ ಕೀಳುತ್ತಿದ್ದರು,
ಉಗುರು ಚಿಪ್ಪಿನದು, ಬೆರಳು ಚರ್ಮದ್ದು,
ನೊರೆ ಒಡೆಯುವಲ್ಲೇ ಕಚ್ಚಿಕೊಂಡು ಬದುಕುವ ಜೀವ.
ಅಲೆ ಸರಿದಾಗ ಓಡಿ ಇಳಿದು, ಉಳಿ ಹೊಡೆದು, ಚೀಲಕ್ಕೆ ತುರುಕಿ,
ಅಲೆ ಬರುವ ಮುನ್ನ ಓಡಿ ಹತ್ತಿ.
ಮತ್ತೆ. ಮತ್ತೆ.
ಬಂಡೆಯ ನೆತ್ತಿಯಲ್ಲಿ ಒಬ್ಬಳು
ಸೊಂಟಕ್ಕೆ ಹಗ್ಗ ಸುತ್ತಿ ನಿಂತಿದ್ದಳು.
ಕೆಲಸವೆಲ್ಲ ಕಣ್ಣಿಗೆ, ಬಾಯಿಗೆ ಒಂದೇ ಮಾತು:
"ಬಂತು!"

ಶಟರು ಮುಚ್ಚಿತು. ಇನ್ನೂ ನಾಲ್ಕು ನಿಮಿಷ
ಕ್ಯಾಮೆರಾ ಬರೀ ಕತ್ತಲೆಯ ಚಿತ್ರ ತೆಗೆದು
ಮೊದಲ ಚಿತ್ರದ ಕಲೆ ತೊಳೆಯುತ್ತದೆ.
ಸರಿಯಾಗಿ ಆಗಲೇ ಅದು ಬಂದದ್ದು.
ಮೂರರಲ್ಲಿ ಮೂರನೆಯದು,
ದೂರದಲ್ಲಿ ಬರೀ ಒಂದು ಮಡಿಕೆ, ಮಂಚದ ಚಾದರದ್ದು,
ಹತ್ತಿರ ಬಂದಾಗ ಗೋಡೆ.
ಕೂಗು ಕೇಳಿತು. ಹಗ್ಗ ಬಿಗಿಯಿತು. ಬಂಡೆ ಇರಲಿಲ್ಲ.
ಆಮೇಲೆ ಇತ್ತು,
ಅದಕ್ಕೆ ಕಚ್ಚಿಕೊಂಡು ಕೆಮ್ಮುವ ಒಬ್ಬ ಹುಡುಗನ ಸಮೇತ.
ಯಾರೋ ನಕ್ಕರು. ಉಳಿಯ ಸದ್ದು ಮತ್ತೆ ಶುರು.
ನನ್ನ ಕ್ಯಾಮೆರಾ ಕಣ್ಣು ಮುಚ್ಚಿ
ತನ್ನ ಕಲೆ ತೊಳೆಯುತ್ತಿತ್ತು.

ಮೇಲೆ ಬಂದವಳು, ಸಬೆಲಾ, ತೋರಿಸು ಅಂದಳು.
ನಸುನೀಲಿ ಮಂಜು, ಅದರಲ್ಲಿ ತೇಲುವ ಬಂಡೆ.
"ಕಡಲೆಲ್ಲಿ?"
ಇದೇ ಕಡಲು, ಅಂದೆ.
"ನಾವೆಲ್ಲಿ?"
ಐವರಲ್ಲಿ ಒಬ್ಬರೂ ಇಲ್ಲ.
ಓಡಿದವರನ್ನು ಗಾಜು ಲೆಕ್ಕಕ್ಕೆ ಹಿಡಿಯುವುದಿಲ್ಲ.
ಹಿಗ್ಗಿಸಿ ನೋಡಿದರೆ ನೆತ್ತಿಯಲ್ಲೊಂದು ಕರಿ ಗೆರೆ,
ಕಾಲು ಗಟ್ಟಿ, ಸೊಂಟ ನಸು, ತಲೆ ಬರೀ ಹೊಗೆ.
ನಾಲ್ಕು ನಿಮಿಷ ನಿಂತದ್ದಕ್ಕೆ ಅವಳಿಗೆ ಸಿಕ್ಕ ಕೂಲಿ.

ನಿಂತವರು ಉಳೀತಾರೆ, ಅಂದೆ, ಏನಾದರೂ ಅನ್ನಬೇಕಲ್ಲ.
ಅವಳು ಕೆಮ್ಮುವ ಹುಡುಗನತ್ತ ಗದ್ದ ತಿರುಗಿಸಿದಳು.
"ಬ್ರಾಯಿಸ್. ಹೊಸಬ.
ಮೂರನೆಯದು ಹೇಗೆ ಏಳುತ್ತದೆ ಅಂತ
ಬಾಯಲ್ಲಿ ಹೇಳಿದರೆ ತಲೆಗೆ ಹೋಗೋದಿಲ್ಲ.
ಆ ಕಪ್ಪು ತೆಗಿ.
ಹಲ್ಲು ಕಾಣುವಂಥದ್ದು ಒಂದು ಹಿಡಿದು ಕೊಡು."

ಬಿಚ್ಚಿದೆ. ಅಂಚಿಗೆ ಉಪ್ಪು ಕೂತಿತ್ತು.
ಅಂಗಿಯ ತುದಿಯಲ್ಲಿ ಒರೆಸಿ ಜೇಬಿಗಿಳಿಸಿ
ಹಿಂದಿನ ಟೇಪು ಕಿತ್ತು ಕಣ್ಣಿಟ್ಟರೆ
ಬೆಳಕು ಹತ್ತೂ ಮೆಟ್ಟಿಲು ಒಂದೇ ನೆಗೆತಕ್ಕೆ ಹತ್ತಿ ಬಂದು
ಮುಖಕ್ಕೆ ರಾಚಿತು.

"ಕಡಲಿಗೆ ಬೆನ್ನು ಕೊಡಬೇಡ. ನಾನು ಹೇಳ್ತೇನೆ."

ಬೆರಳು ಗುಂಡಿಯ ಮೇಲೆ.
ಒಂದು ಹೋಯಿತು.
ಎರಡು.