ಹಳದಿ ಮುಚ್ಚಳ

ಬೆಳಗಿನ ಆರಕ್ಕೆ ಮಂಡ್ಯದ ಗಾಳಿಯಲ್ಲಿ
ಕಾರ್ಖಾನೆಯ ಕಾಕಂಬಿ ವಾಸನೆ.
ಮಾನಸಿಕ ವಾರ್ಡಿನ ಗ್ರಿಲ್ಲು ತೆಗೆಸಿಕೊಂಡು
ಟ್ರೇ ಹಿಡಿದು ಒಳಗೆ ಹೋಗುತ್ತೇನೆ.
ಹೊಸದಾಗಿ ಸೇರಿದವರು ಇವತ್ತು ನಾಲ್ಕು ಜನ.
ಎಲ್ಲರಿಗೂ ಅದೇ, ಹಳದಿ ಮುಚ್ಚಳದ ನಳಿಕೆ,
ಟಿ ತ್ರೀ, ಟಿ ಫೋರ್, ಟಿ ಎಸ್ ಹೆಚ್.

ಮೂರನೇ ಮಂಚ ಚೆಲುವರಾಜು, ಇಪ್ಪತ್ತಾರು,
ಕಿರುಗಾವಲು ಕಡೆಯ ಟ್ರ್ಯಾಕ್ಟರ್ ಮೆಕ್ಯಾನಿಕ್.
ಒಂಬತ್ತು ರಾತ್ರಿ ಕಣ್ಣು ಮುಚ್ಚದೆ
ಊರ ಪಂಪ್‌ಸೆಟ್ಟುಗಳನ್ನೆಲ್ಲ ಬಿಚ್ಚಿ ಹರವಿ
ಒಳಗೆ ಯಾರು ಮಾತಾಡ್ತಿದ್ದಾರೆ ಅಂತ ಹುಡುಕಿದವನು.
ತೋಳು ತಾನೇ ಚಾಚಿದ:
"ಆಯಿಲ್ ಚೆಕ್ಕಾ? ಮಾಡಿ, ಮಾಡಿ."

ಅವನ ಚಪ್ಪಲಿ ಮಡಿಲಲ್ಲಿಟ್ಟುಕೊಂಡು ಅಕ್ಕ ಪ್ರಮೀಳ:
"ಇದ್ರಲ್ಲಿ ಏನ್ ಗೊತ್ತಾಯ್ತದೆ ಮೇಡಮ್ಮೋರೆ?"
ಕತ್ತು ಮುಟ್ಟಿ ತೋರಿಸಿದೆ.
ಇಲ್ಲೊಂದು ಗ್ರಂಥಿ.
ಅದು ಕುದಿದರೆ ಮನಸ್ಸೂ ಉಕ್ಕುತ್ತದೆ, ಆರಿದರೆ ಮಂಕು.
ಕೆಲವರಿಗೆ ಅಷ್ಟೇ ಇರುತ್ತದೆ,
ಗುಳಿಗೆಯಲ್ಲಿ ಸರಿಹೋಗುತ್ತದೆ.
'ಕೆಲವರಿಗೆ' ಎಂದದ್ದು ಅವಳಿಗೆ ಕೇಳಿಸಲಿಲ್ಲ.
"ಅದೇ ಇರ್ಲಿ ತಾಯಿ, ಅದೇ ಇರ್ಲಿ.
ಥೈರಾಯ್ಡು ಅಂದ್ರೆ ಬೀಗರಿಗೂ ಹೇಳ್ಬೋದು,
ಗ್ಯಾರೇಜ್ ಓನರ್‌ಗೂ."

ಯಂತ್ರದಲ್ಲಿ ಬುಗುರಿಯಂತೆ ತಿರುಗಿ ರಕ್ತ ಎರಡಾಯಿತು.
ತಳದಲ್ಲಿ ಕೆಂಪು, ಮೇಲೆ ತಿಳಿ,
ಸೋಸಿದ ಕಬ್ಬಿನ ಹಾಲಿನ ಬಣ್ಣ.
ನಾಲ್ಕು ನಳಿಕೆ ಪಕ್ಕಪಕ್ಕ ನಿಲ್ಲಿಸಿದರೆ
ಯಾವುದು ಯಾರ ಸಂಕಟ, ಹೇಳಲಾಗದು.

ಟಿ ಫೋರ್ ಗೆರೆ ದಾಟಿತ್ತು. ಕೂದಲೆಳೆಯಷ್ಟು.
ಪಕ್ಕಕ್ಕೊಂದು ನಕ್ಷತ್ರ ಅಚ್ಚಾಗಿತ್ತು.
ಕಾಗದ ಕಣ್ಣಿಗೊತ್ತಿಕೊಂಡು
ವಾರ್ಡಿಗೆಲ್ಲ ಬಾಳೆಹಣ್ಣು ಹಂಚಿದಳು ಪ್ರಮೀಳ.
ಡಾಕ್ಟರು ಮಾತ್ರ ಕನ್ನಡಕ ಒರೆಸುತ್ತ,
"ಇಂಥ ಹೊತ್ತಲ್ಲಿ ಸ್ವಲ್ಪ ಏರೋದುಂಟು, ತಾನೇ ಇಳಿಯುತ್ತೆ.
ಎರಡು ವಾರ ಬಿಟ್ಟು ಮತ್ತೆ ನೋಡೋಣ."
ಗ್ರಂಥಿ ನಡುಗಿ ಮನಸ್ಸು ಅಲುಗಿತೋ,
ಮನಸ್ಸು ಅಲುಗಿದ್ದಕ್ಕೆ ಗ್ರಂಥಿಯೋ,
ನಳಿಕೆ ಆ ಮಾತು ಆಡುವುದಿಲ್ಲ.

ಎರಡು ವಾರ.
ಚೆಲುವರಾಜು ನಿದ್ದೆ ಮಾಡಿದ.
ಎದ್ದು ಯಾರದೋ ಕ್ಲಚ್ ಪ್ಲೇಟು ಏನಾಯಿತೆಂದು ಕೇಳಿದ.
ಮತ್ತೆ ಸೂಜಿ, ಮತ್ತೆ ಹಳದಿ ಮುಚ್ಚಳ.
ಮೂರೂ ಅಂಕಿ ಗೆರೆಯೊಳಗೆ
ಶಾಲೆ ಮಕ್ಕಳಂತೆ ಕೂತಿದ್ದವು.

"ನಾರ್ಮಲ್" ಎಂದೆ.
ಹದಿನೇಳು ವರ್ಷದಿಂದ ಹೇಳುತ್ತಿರುವ ಮಾತು.
ಅದಕ್ಕೆ ಒಂದು ಮುಖ ಹಾಗೆ ಕುಸಿದದ್ದು
ಕಂಡಿರಲಿಲ್ಲ.
"ಅಂದ್ರೆ ಏನೂ ಇಲ್ವಾ?"
"ಇದರಲ್ಲಿ ಇಲ್ಲ."
"ಇನ್ನೆಲ್ಲಿ ಐತೆ ಮತ್ತೆ?"

ನನಗೆ ಹೊತ್ತಾಗಿತ್ತು. ಚೀಲದಿಂದ ಬಿಳಿ ಡಬ್ಬಿ ತೆಗೆದೆ,
ದಿನಕ್ಕೊಂದು, ಖಾಲಿ ಹೊಟ್ಟೆಗೆ, ಎಂಟು ವರ್ಷವಾಯಿತು.
ಡಬ್ಬಿಯ ಮೇಲಿನದನ್ನು ಅವಳು ಕೂಡಿಸಿ ಕೂಡಿಸಿ ಓದಿದಳು.
"ನಿಮಗೈತಾ?"
ಸ್ವಲ್ಪ ಹೊತ್ತು ಬಿಟ್ಟು, ಕೊಂಕಿಲ್ಲದೆ,
"ಪುಣ್ಯವಂತ್ರು."

ನುಂಗಿದೆ. ನೀರು ತಣ್ಣಗಿತ್ತು.
ಗ್ರಿಲ್ಲಿನಾಚೆಯಿಂದ ಅವನ ದನಿ:
"ಅಕ್ಕೋ, ಆಯಿಲ್ ಎಂಗಿತ್ತಂತೆ?"
"ಚೆಂದಾಗೈತಂತೆ ಕಣ್ಲಾ."
"ಅಂಗಾದ್ರೆ ರಿಪೇರಿ ಬ್ಯಾರೆ ಕಡೆ ಅದೆ," ಅಂದ,
ಗಿರಾಕಿಗೆ ಹೇಳುವಂತೆ.

ಮೆಟ್ಟಿಲ ಮೇಲೆ ಅವಳು ಒಂದಿಷ್ಟು ಸರಿದು ಜಾಗ ಮಾಡಿದಳು.
ನಾನು ತಿಂಡಿ ತಿನ್ನಲು ಇನ್ನೂ ಮುಕ್ಕಾಲು ಗಂಟೆ.