ಮಣ್ಣಿನ ಟಿಕೀಟು

ಮೊದಲು ಹಾಕಿದ್ದು ಮೆಂತ್ಯ.
ಬಾಯಿ ಒಡೆದ ಬಕೀಟು, ಉಣಕಲ್ಲ ಕಡೆ
ಯಾರೋ ಅಗೆದು ಒಗೆದಿದ್ದ ಎರಿಮಣ್ಣು,
ಮ್ಯಾಲ ಅಡಿಗಿಮನಿ ಡಬ್ಬಿಯಿಂದ ಒಂದು ಹಿಡಿ ಕಾಳು.
ಇಷ್ಟೇ ಅಲ್ಲೇನು ಅಂದುಕೊಂಡಿದ್ದೆ.

ನಾನು ಗಡಿಯಾರ ರಿಪೇರಿ ಮಾಡಾಂವ.
ದುರ್ಗದಬೈಲಿನ ಮೂಲ್ಯಾಗ ಮೂರಡಿ ಅಂಗಡಿ,
ಎಡಗಣ್ಣಿಗೆ ಭೂತಗನ್ನಡಿ, ಕೈಯಾಗ ಚಿಮಟ.
ನಿಂತದ್ದನ್ನ ಬಿಚ್ಚಿ ನೋಡೋದು ನನ್ನ ಕಸುಬು.
ಹಂಗಾಗಿ ಮೂರನೇ ದಿನ ಬಕೀಟಿನ್ಯಾಗ ಬೆರಳಿಟ್ಟು
ಒಂದು ಕಾಳು ಎತ್ತಿ ನೋಡಿದೆ: ಉಬ್ಬಿತ್ತು.
ಮತ್ತ ಮುಚ್ಚಿದೆ.
ನಾಲ್ಕನೇ ದಿನ ಇನ್ನೊಂದು: ಬಿಳೀ ಬಾಲ,
ಸೆಕೆಂಡಿನ ಮುಳ್ಳಿಗಿಂತ ಸಣ್ಣದು,
ಬೆರಳಿಗೆ ಹತ್ತಿ ಮುರೀತು.

ಆಮ್ಯಾಲ ಬಿಸಲು. ಎರಿ ಬಿರೀತು,
ಹೆಬ್ಬಟ್ಟು ಹೋಗುವಷ್ಟು.
ಜನತಾ ಬಜಾರದ ಹಜರತಬಿಗೆ ಹೇಳಿದೆ.
ಹಕ್ಕರಕಿ ಸೂಡು ಕಟ್ಟತಾ ಕೇಳಿದಳು:
'ಎಷ್ಟು ಆಳ ಹಾಕಿದ್ದಿ?'
ಬೆರಳಿನ ಎರಡು ಗೆಣ್ಣು ತೋರಿಸಿದೆ.
'ಬೀಜ ಬಿತ್ತಿದ್ಯೋ, ದಫನ ಮಾಡಿದ್ಯೋ?'
ಬಾಜೂಕಿನ ಉಳ್ಳಾಗಡ್ಡಿಯವನೂ ನಕ್ಕ.
'ಕಾಳು ಎಷ್ಟು ದಪ್ಪೋ ಅಷ್ಟೇ ಮಣ್ಣು ಮ್ಯಾಲ.
ಬರೇ ಎರಿ ಆಗಂಗಿಲ್ಲ, ಮಸಾರಿ ಕೂಡಸು,
ಹೆಂಡಿಗೊಬ್ಬರ ಹಳೇದಿರಲಿ, ನಾರಬಾರದು.
ಮತ್ತ, ನೋಡಪಾ, ದಿನಾ ಎಬ್ಬಸಬ್ಯಾಡ ಅದನ್ನ.'

ಹುಬ್ಬಳ್ಳ್ಯಾಗ ಮಸಾರಿ ಎಲ್ಲಿಂದ?
ಧಾರವಾಡದ ಕೆಲಗೇರಿ ಕಡೆ ನಮ್ಮಕ್ಕನ ಓಣ್ಯಾಗ
ಪಾಯಾ ತೆಗೀತಿದ್ರು, ಕುಂಕುಮದಂಥಾ ಕೆಂಪು.
ರವಿವಾರ ಹೋಗಿ ಒಂದು ಚೀಲ ತುಂಬಿದೆ.
ಚಿಗರಿ ಬಸ್ಸಿನ ಗೇಟಿನ್ಯಾಗ ಗಾರ್ಡು ತಡೆದ.
'ಏನೈತ್ರಿ ಇದರಾಗ?'
'ಮಣ್ಣು.'
'ಸಿಟ್ಟಾಗಬ್ಯಾಡ್ರಿ, ಏನೈತಿ ಅಂತ ಕೇಳಿದೆ.'
'ಮಣ್ಣೇ ಐತಪಾ.'
ಬಿಚ್ಚಿ ತೋರಿಸಿದೆ. ಒಳಗ ಬಿಡಲಿಲ್ಲ.

ಸಾದಾ ಬಸ್ಸಿನ ಕಂಡಕ್ಟರ್ ಹುಡುಗಿ ಚೀಲ ಎತ್ತಿ ನೋಡಿ
'ನನಗಿಂತ ಭಾರ ಐತಿ' ಅಂದು ಲಗೇಜು ಹರಿದಳು.
ಧಾರವಾಡದಿಂದ ಮಂದಿ ಪೇಡೆ ಒಯ್ಯತಾರ,
ನನ್ನ ಕಿಸೇದಾಗ ಮಣ್ಣಿನ ಟಿಕೀಟು.
ನವಲೂರ ದಾಟೂದ್ರಾಗ ಚೀಲದ ಮೂಲಿ ಸೋರಿ
ಬಸ್ಸಿನ ನೆಲದ ಮ್ಯಾಲ ಕೆಂಪು ಗೆರಿ.
ಒಬ್ಬಾಕಿ ಕಾಲು ಎತ್ತಿಕೊಂಡಳು.
ಅವಳ ಕೂಸು ಮಾತ್ರ ಬಗ್ಗಿ, ಬೆರಳದ್ದಿ,
ನಾಲಿಗಿಗೆ ಹಚ್ಚಿಕೊಂಡಿತು.

ಈ ಸಲ ಹಕ್ಕರಕಿ.
ಹಜರತಬಿ ಕಾಗದದಾಗ ಕಟ್ಟಿಕೊಟ್ಟ ಬೀಜ,
ಊದಿದರ ಹಾರುವಷ್ಟು ಹಗುರ.
ನಳ ನಮ್ಮಲ್ಲಿ ಎಂಟು ದಿನಕ್ಕೊಮ್ಮೆ;
ಮಾಳಿಗಿ ಸೋರತೈತಿ ಅಂತ ಮನೀ ಮಾಲಕಿ ಇಂದ್ರವ್ವ
ಮೊದಲ ದಿನದಿಂದ ಗೊಣಗತಿದ್ದಳು.
ಅಕ್ಕಿ ತೊಳೆದ ನೀರು, ಬ್ಯಾಳಿ ತೊಳೆದ ನೀರು
ಗೋಣಿತಾಟಿನ ಮ್ಯಾಲ ಚಿಮುಕಿಸಿ ಮುಚ್ಚಿಟ್ಟೆ.
ಮುಚ್ಚಿಟ್ಟು, ಅಂಗಡಿಗೆ ಹೋಗಿ
ಕೈ ತೊಡಿ ಕೆಳಗ ಇಟ್ಟುಕೊಂಡು ಕೂತೆ.
ಬೀಜಕ್ಕ ಹಿಂದಿನ ಮುಚ್ಚಳಿಲ್ಲ. ಚಾವಿ ಇಲ್ಲ.
ಕಿವಿಗೆ ಹಿಡಿದರೂ ಸಪ್ಪಳಿಲ್ಲ.
ಆರು ದಿನ.

ಏಳನೇ ದಿನ ತಾಟು ಎತ್ತಿದಾಕಿ ಇಂದ್ರವ್ವ.
ಸೋರೋದನ್ನ ಹಿಡೀಬೇಕು ಅಂತ ಹತ್ತಿದ್ದಳಂತ.
'ಏ ಗಡಿಯಾರದಾಂವ, ಬಾ ಇಲ್ಲಿ'
ಅಂತ ಒದರಿದ್ದು ಕೆಳಗಿನ ಓಣಿಗೂ ಕೇಳಿತು.
ಸಾಸಿವಿಯಷ್ಟು ಎಲಿ, ಎರಡೆರಡು,
ಸಂತಿಯಂಗ ಒತ್ತೊತ್ತಾಗಿ.
ಆಕಿ ಸೊಂಟಕ್ಕ ಕೈ ಇಟ್ಟುಕೊಂಡು,
'ಇಷ್ಟು ಗಿಚ್ಚ ಹಾಕಿದ್ರ ಉಸಿರು ಕಟ್ಟತೈತಿ. ತೆಗಿ ಅರ್ಧ.'

ತೆಗೆದೆ. ಚಿಮಟ ಇತ್ತಲ್ಲ,
ಭೂತಗನ್ನಡಿ ಹಾಕ್ಕೊಂಡು, ಒಂದೊಂದ.
ಯಾವುದನ್ನ ತೆಗೀಲಿ, ಯಾವುದನ್ನ ಬಿಡಲಿ ಅಂತ
ಕೈ ನಡುಗಿತು;
ಇಪ್ಪತ್ತೆರಡು ವರ್ಷದ ಕಸುಬಿನ್ಯಾಗ ನಡುಗಿದ್ದಿಲ್ಲ.

ತಿಂಗಳಾದ ಮ್ಯಾಲ ಒಂದು ಮುಷ್ಟಿ ಬಂತು.
ತೊಳೆದು, ಹಸೀದ, ರೊಟ್ಟಿ ಮ್ಯಾಲ, ಶೇಂಗಾಹಿಂಡಿ ಜೋಡಿ.
ಬಸ್ಸಿನ ಖರ್ಚು ಹಿಡಿದರ
ಬಜಾರದ ಸೂಡಿಗಿಂತ ಹತ್ತುಪಟ್ಟು ತುಟ್ಟಿ.
ಅರ್ಧ ಇಂದ್ರವ್ವಗ ಕೊಟ್ಟೆ.
'ಕಹಿ ಐತಿ' ಅಂದಳು. ಬಿಡಲಿಲ್ಲ, ತಿಂದಳು.

ನಿನ್ನೆ ಒಬ್ಬರು ಹಳೇ ಅಲಾರಂ ಕೊಟ್ಟು
'ಯಾವಾಗ ಬರಲಿ?' ಅಂದರು.
ಬಾಯಿಗೆ ಬಂದದ್ದು: 'ನಾಲ್ಕು ಎಲಿ ಆಗಲಿ.'
ನನ್ನ ಮುಖ ನೋಡಿದರು,
ಆಮ್ಯಾಲ ಉಗುರು.