ಒಂದು ಮೊಳ ತಂತಿ

ಮಂಜೇಶ್ವರ ಬಂದರಿನಲ್ಲಿ ಇಪ್ಪತ್ತಾರು ವರ್ಷ
ಮೀನಿನ ಏಲಂ ಕೂಗಿದ ಗಂಟಲು ಇದು.
ಬೂತಾಯಿ ಬುಟ್ಟಿ ಎಂಟುನೂರು, ಎಂಟುನೂರ ಹತ್ತು,
ಯಾರು ಹೆಚ್ಚು, ಯಾರು ಹೆಚ್ಚು ಎಂದರೆ
ಅಳಿವೆಯಾಚೆ ದೋಣಿಯಲ್ಲಿದ್ದವನೂ ಕೈ ಎತ್ತುತ್ತಿದ್ದ.
ದೇರಳಕಟ್ಟೆಯ ಡಾಕ್ಟರು ಅದರಿಂದ ಒಂದು ಎಳೆ ತೆಗೆದರು,
ಕಿರುಬೆರಳಿನ ಉಗುರಿನಷ್ಟು.
ಈಗ ಉಳಿದದ್ದು ಪಿಸುಮಾತು.

ಚಾವಡಿಯಿಂದ ಅಡುಗೆಮನೆಗೆ ಹದಿನಾಲ್ಕು ಹೆಜ್ಜೆ.
ನಡುವೆ ಮಿಕ್ಸಿ, ಒಗ್ಗರಣೆ, ಸಮುದ್ರ.
ಗುಲಾಬಿ ದೇವರ ಮುಂದಿನ ಗಂಟೆಯನ್ನೇ ತಂದು
ಕೈಗೆ ಕೊಟ್ಟಳು. ಎರಡು ದಿನ ಬಾರಿಸಿದೆ.
ಗಂಟೆಗೆ ಒಂದೇ ಮಾತು ಗೊತ್ತು: ಬಾ.
ಬರಬೇಡ, ಸುಮ್ಮನೆ ಹೇಳಿದ್ದು
ಎನ್ನಲು ಅದಕ್ಕೆ ಬಾರದು.

ಉಪ್ಪಳ ಪೇಟೆಯಲ್ಲಿ ಕುಂಞಾಲಿಯ ರಿಪೇರಿ ಅಂಗಡಿ.
ಕಾರಿಗೆ ಚುಚ್ಚುವಂಥದ್ದು ಉಂಟು, ಅಂದ, ಮುನ್ನೂರೈವತ್ತು,
ಹಾಡು ಮಾತ್ರ ಹಾಡುತ್ತದೆ, ನೀವು ಹೇಳಿದ್ದು ಕೇಳುವುದಿಲ್ಲ.
ಚೀನಾದ್ದು ಉಂಟು, ಏಳು ವಾಟು,
ಅದು ತಲಪಾಡಿ ಗೇಟು ದಾಟಿ ಹೋಗುತ್ತದೆ ಮಾರಾಯ್ರೇ,
ಬರುವಾಗ ಪೊಲೀಸರನ್ನು ಕರಕೊಂಡು ಬರುತ್ತದೆ.
ನಿಮಗೆ ಎಷ್ಟು ದೂರ ಬೇಕು?
ಚೀಟಿಯಲ್ಲಿ ಬರೆದು ಕೊಟ್ಟೆ: ಹದಿನಾಲ್ಕು ಹೆಜ್ಜೆ.
ನಕ್ಕ. ಆಮೇಲೆ ನಗಲಿಲ್ಲ.
ಹಾಗಾದರೆ ಕಟ್ಟುವ, ಅಂದ.

ಪೆನ್ಸಿಲ್ಲಿಗೆ ತಾಮ್ರದ ತಂತಿ ಆರು ಸುತ್ತು ಸುತ್ತಿ
ಪೆನ್ಸಿಲ್ಲನ್ನು ಎಳೆದುಬಿಟ್ಟ.
ಸುರುಳಿಯೊಳಗೆ ಖಾಲಿ. ಆ ಖಾಲಿಯೇ ಕೆಲಸ ಮಾಡುವುದು.
ಮೂರು ಕಾಲಿನ ಟ್ರಾನ್ಸಿಸ್ಟರು ಒಂದು,
ಸತ್ತ ಮೊಬೈಲಿನ ಮೈಕು,
ಎಲ್ಲಕ್ಕೂ ಮನೆ, ಒಂದು ಹಳೆ ಸೋಪಿನ ಡಬ್ಬಿ.

ಜಾಗ ಹುಡುಕಿದ್ದೇ ಹೆಚ್ಚು ಹೊತ್ತು.
ಒಂದು ಬದಿ ಮಂಗಳೂರು, ಇನ್ನೊಂದು ಬದಿ ಕಣ್ಣೂರು,
ಎರಡೂ ಜೋರು.
ನಡುವೆ ಕೂದಲೆಳೆಯಷ್ಟು ಸಂದು, ಬರೀ ಸುಯ್ ಎನ್ನುವುದು,
ಯಾರ ಹೆಸರಲ್ಲೂ ಇಲ್ಲ.
ಈ ಕಡೆಯವರಿಗೆ ಇದೇನು ಹೊಸತಲ್ಲ.
ರೇಷನ್ ಕಾರ್ಡು ಒಂದು ಭಾಷೆ, ಶಾಲೆ ಒಂದು,
ಬೆರಳು ಬಾಗಿಲಿಗೆ ಸಿಕ್ಕಿದರೆ ಮತ್ತೊಂದು.
ಕಬ್ಬಿಣ ಹತ್ತಿರ ತಂದರೆ ಜಾರುತ್ತದೆಂದು
ಕುಂಞಾಲಿ ತೆಂಗಿನ ಗರಿಯ ಕಡ್ಡಿ ಚೂಪು ಮಾಡಿ
ಉಸಿರು ಹಿಡಿದು ತಿರುಗಿಸಿದ.

ಮೊದಲ ಮಾತು ಯಾವುದೆಂದು ಯೋಚಿಸಿರಲಿಲ್ಲ.
ನಿನ್ನೆ ಸಾರಿಗೆ ಉಪ್ಪು ಹೆಚ್ಚಾಗಿತ್ತು, ಅಂದೆ.
ಕಪಾಟಿನ ಮೇಲಿನ ರೇಡಿಯೋ ಅಂದಿತು.
ಸೌಟು ಬಿದ್ದ ಸದ್ದು. ಮತ್ತೆ ಗುಲಾಬಿಯ ಬೈಗುಳ,
ತುಳುವಿನಲ್ಲಿ, ಉದ್ದಕ್ಕೆ, ಕೊನೆಯವರೆಗೆ.
ನಾಲ್ಕು ತಿಂಗಳಿಂದ ರೋಗಿಯೆಂದು
ಅರ್ಧದಲ್ಲೇ ನುಂಗುತ್ತಿದ್ದಳು.

ಮರುದಿನ ಗೋಡೆಯಾಚೆಯಿಂದ ಐಸಮ್ಮ:
ಗುಲಾಬೀ, ಗಂಜಿಗೆ ಉಪ್ಪಿನಕಾಯಿ ಬೇಕಂತೆ ನಿನ್ನ ಗಂಡನಿಗೆ,
ಎರಡು ಸಲ ಕೇಳಿದರು ಪಾಪ, ಕೊಡೇ!
ತಂತಿ ಎರಡು ಮೊಳ ಇತ್ತು.
ಇಡೀ ಬಂದರಿಗೆ ಕೇಳುತ್ತಿದ್ದವನು
ಕತ್ತರಿ ತರಿಸಿ, ನಾನೇ,
ಒಂದು ಮೊಳಕ್ಕೆ ಇಳಿಸಿದೆ.
ಐಸಮ್ಮನಿಗೆ ಸ್ವಲ್ಪ ಬೇಜಾರು.

ಈಗ ಎಲ್ಲ ಹೇಳುತ್ತೇನೆ.
ಬೆಕ್ಕು ಚಾವಡಿ ಹತ್ತಿತು. ಗಾಳಿ ತೆಂಕಿಗೆ ತಿರುಗಿತು.
ಒಮ್ಮೊಮ್ಮೆ ಮಧ್ಯಾಹ್ನ, ಯಾರೂ ಇಲ್ಲದಾಗ,
ಬಂಗುಡೆ ಸಾವಿರದ ಇನ್ನೂರು, ಯಾರು ಹೆಚ್ಚು, ಎಂದು.
ಒಳಗಿನಿಂದ ಅವಳು, ಸಾವಿರದ ಇನ್ನೂರೈವತ್ತು!
ಮೀನು ಅವಳಿಗೇ ಹೋಗುತ್ತದೆ.

ಬ್ಯಾಟರಿ ಇಳಿಯುತ್ತ ಬಂದ ಹಾಗೆ
ನಿಂತಲ್ಲಿ ನಿಲ್ಲಲಾಗುವುದಿಲ್ಲ ನನಗೆ,
ಮೆಲ್ಲನೆ ಮಂಗಳೂರಿನ ಕಡೆ ಜಾರುತ್ತೇನೆ.
ಅವಳು ಮೀನು ಕೊಯ್ದ ಕೈ ಸೆರಗಿಗೆ ಒರೆಸಿ
ಕಿರುಬೆರಳಲ್ಲಿ ಮುಳ್ಳು ಸರಿಸುತ್ತಾಳೆ,
ಚೂರು, ಇನ್ನೂ ಒಂದು ಚೂರು.
ಎಂತ ಹೇಳಿದ್ದು?

ಏನಿಲ್ಲ.
ಬರಬೇಡ. ಸುಮ್ಮನೆ ಹೇಳಿದ್ದು.